ನೂಲು ಕಾಣಬೇಕ್ರಿ

ಗಜೇಂದ್ರಗಡದ ನನ್ನ ಕೈಮಗ್ಗದ ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದ. ಒಂದೊಂದು ಸೀರೆಯ ಫೋಟೋವೂ ಗೋಡೆಗೆ ತೂಗುಹಾಕುವಷ್ಟು ದೊಡ್ಡದು. ಪುಟ ತೆರೆಯುವುದರೊಳಗೆ ಗಿರಾಕಿ ಬೇಸತ್ತು ಹೋಗುತ್ತಿದ್ದ.

“ಫೋಟೋ ಸಣ್ಣವ ಮಾಡೋ ತಮ್ಮಾ” ಎಂದರೆ, ಗಾಳಿಯಲ್ಲೇ ಸೆರಗು ಹಿಡಿದವನಂತೆ ಎರಡು ಬೆರಳು ಉಜ್ಜಿ, “ನೂಲ್ ಕಾಣಬೇಕ್ರಿ ಸಾವ್ಕಾರ್ರ” ಎನ್ನುತ್ತಿದ್ದ. ತನ್ನ ಕಂಪ್ಯೂಟರಿನಲ್ಲಿ ತೆರೆದು, “ಎಷ್ಟ್ ಲಗೂ ಬಂತ ನೋಡ್ರಿ!” ಎಂದು ಬೀಗುತ್ತಿದ್ದ. ಅದು ಅವನು ದಿನವೂ ತೆರೆಯುವ ಪುಟ; ಫೋಟೋಗಳೆಲ್ಲ ಆಗಲೇ ಅವನ ಯಂತ್ರದಲ್ಲಿ ಇಳಿದು ಕೂತಿದ್ದವು. ಬಾರದೆ ಏನು ಮಾಡೀತು? ವೇಗ ಅಳೆಯುವುದಿದ್ದರೆ ಕೊಳ್ಳುವವರ ಫೋನಿನಲ್ಲಿ, ಮೊದಲ ಸಲ ತೆರೆಸಿ ಅಳೆಯಿರಿ. ಮಾಡಿದವನ ಯಂತ್ರವನ್ನು ನಂಬಬೇಡಿ.

ಕಡೆಗೆ ಅವನನ್ನು ಬಸ್‌ಸ್ಟ್ಯಾಂಡಿಗೆ ಎಳೆದೊಯ್ದೆ. ಮಗಳ ಮದುವೆಗೆ ಸೀರೆ ಹುಡುಕುತ್ತಿದ್ದ ನರೇಗಲ್ಲಿನ ಹೆಂಗಸೊಬ್ಬರು ನನ್ನ ಮಾತಿಗೆ ತಮ್ಮ ಫೋನಿನಲ್ಲಿ ನಮ್ಮ ಪುಟ ತೆರೆಯಲು ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಬಸ್ಸು ಬಂತು.

“ನಿಮ್ಮ ಸೀರಿಗಿಂತ ನಮ್ಮ ಬಸ್ಸ ಲಗೂ ಬಂತ ನೋಡ್ರಿ” ಎಂದು ಅವರು ಹತ್ತಿಯೇಬಿಟ್ಟರು.

ಇವನು ಸೀರೆಯ ಫೋಟೋ ತೆರೆದಿದ್ದ ತನ್ನ ಫೋನನ್ನು ಅವರ ಕಿಟಕಿಗೆ ಎತ್ತಿ ಹಿಡಿದು, ಹೊರಟ ಬಸ್ಸಿನ ಜೊತೆ ಗೇಟಿನವರೆಗೂ ಓಡಿದ. ಏದುಸಿರು ಬಿಡುತ್ತ ಮರಳಿದವನನ್ನು ಬೈಯಲು ನಾನು ಬಾಯಿ ತೆರೆಯುವ ಮೊದಲೇ ಎಂದ: “ಅಕ್ಕಾರಿಗೆ ನೂಲ್ ಕಂಡಿರಬೇಕ್ರಿ.”