ಬಗ್ಗಿಸಿ ನೋಡುವ ಮೇಸ್ತ್ರಿ

ನಮ್ಮ ಪ್ಲಾಸ್ಟಿಕ್ ಕಾರ್ಖಾನೆಯ ಮೇಸ್ತ್ರಿ ಬಗ್ಗಿಸಿ ನೋಡದೆ ಯಾವುದನ್ನೂ ನಂಬುವವರಲ್ಲ. ಕುರ್ಚಿಯ ಕೈ ಬಗ್ಗಿಸಿ ನೋಡಿಯೇ ಕೂರುತ್ತಾರೆ, ಬಾಚಣಿಗೆ ಬಗ್ಗಿಸಿ ನೋಡಿಯೇ ತಲೆ ಬಾಚುತ್ತಾರೆ. ತಲೆಯಲ್ಲಿರುವುದು ನಾಲ್ಕೇ ಕೂದಲು. ಹಳೆ ಬಾಟಲಿ, ಹಳೆ ಬಕೆಟ್ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್; ಸೇರಿಸಿ ಕರಗಿಸಿದರೆ ಪಾಕದಂತೆ ಒಟ್ಟಿಗೇ ಹರಿಯುತ್ತವೆ, ಆರಿದ ಮೇಲೆ ಈರುಳ್ಳಿಯಂತೆ ಪದರ ಬಿಡುತ್ತವೆ. “ಬಿಸೀಲಿ ಎಲ್ಲಾ ನೆಂಟರೇ ಕಣಮ್ಮ, ಆರಿದ ಮೇಲೆ ನೋಡು,” ಎನ್ನುತ್ತಾರೆ ಮೇಸ್ತ್ರಿ. ಎರಡನ್ನೂ ಬೆಸೆಯುವ ಪುಡಿ ಹಾಕುವುದು ನನ್ನ ಯಜಮಾನರ ಕೆಲಸವಾಗಿತ್ತು. ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಕಾರ್ಖಾನೆಯವರು ನನಗೆ ಕೊಟ್ಟರು. ಪುಡಿ ಹಾಕಿ ಪರೀಕ್ಷೆಗೆಂದು ನಾನು ಮಾಡಿದ ಆರು ಪ್ಲಾಸ್ಟಿಕ್ ಪಟ್ಟಿಗಳನ್ನು ಮೇಸ್ತ್ರಿ ಬಗ್ಗಿಸಿದಾಗ ಆರೂ ಪದರ ಬಿಟ್ಟವು. ಕೆಲಸ ಹೋಯಿತು ಅಂದುಕೊಂಡೆ. ಅವರು ಜೇಬಿನಿಂದ ಪದರ ಬಿಟ್ಟ ಹಳೆಯ ಪಟ್ಟಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. “ನಿನ್ನ ಗಂಡ ಮಾಡಿದ್ದು. ಇದು ಅವನ ಹತ್ತನೇದು. ನಿಂದಿನ್ನೂ ಆರು. ನಾಳೆ ಬೇಗ ಬಾ.”