ಉಟ್ಟ ಬಟ್ಟೆಯಲ್ಲೇ ಮಾಡಿದ ಸ್ನಾನ

೧೯೭೪ರಲ್ಲಿ ನಾನು ರಾಜಾಜಿನಗರದಲ್ಲಿ ವಕೀಲನಾಗಿದ್ದೆ, ಜೊತೆಗೆ ನೋಟರಿಯೂ ಆಗಿದ್ದೆ. ನೋಟರಿ ಎಂದರೆ ಜನ ಪ್ರಮಾಣ ಮಾಡಿ ಹೇಳಿದ್ದನ್ನು ಬರಹದಲ್ಲಿ ಇಳಿಸಿ, ಸಹಿ ಹಾಕಿಸಿ, ಮೊಹರು ಒತ್ತುವವನು. ಅಂಥ ಬರಹಕ್ಕೆ ಅಫಿಡವಿಟ್ ಎನ್ನುತ್ತಾರೆ. ನನ್ನ ಆಫೀಸು ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಲಿನ ಒಂಟಿ ಕೋಣೆ. ಕೆಳಗಿನ ಟಕಟಕ ಸದ್ದಿಗೆ ಕಕ್ಷಿಗಾರರು ಗುಟ್ಟಿನ ಮಾತನ್ನೂ ಕೂಗಿಯೇ ಹೇಳಬೇಕಾಗಿತ್ತು. ನನಗೆ ಬರುತ್ತಿದ್ದದ್ದು ಹೆಸರು ಬದಲಾವಣೆ, ಕಳೆದುಹೋದ ಮಾರ್ಕ್ಸ್ ಕಾರ್ಡು, ಸೈಟಿನ ತಕರಾರು, ಇಷ್ಟೇ. ಕೊಲೆ ಕೇಸನ್ನು ನಾನು ಪತ್ರಿಕೆಯಲ್ಲಿ ಮಾತ್ರ ಓದಿದ್ದೆ.

ಆ ವರ್ಷದ ನವೆಂಬರಿನ ಒಂದು ಬೆಳಗ್ಗೆ ಕಾಮಾಕ್ಷಿಪಾಳ್ಯದಿಂದ ಗಂಡ ಹೆಂಡತಿ ಇಬ್ಬರು ಬಂದರು. ಗಂಡ ಚಿಕ್ಕರಂಗಯ್ಯ, ಬಟ್ಟೆ ಗಿರಣಿಯೊಂದರಲ್ಲಿ ನೇಯ್ಗೆ ವಿಭಾಗದ ಮೇಸ್ತ್ರಿ. ಹೆಂಡತಿ ಸಾವಿತ್ರಮ್ಮ. ಅವರ ಒಬ್ಬನೇ ಮಗ ಗೋಪಾಲ ಸ್ಕಾಲರ್‌ಶಿಪ್ ಪಡೆದು ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಜವಳಿ ತಂತ್ರಜ್ಞಾನ ಓದಲು ಹೋಗಿ ಒಂದು ವರ್ಷವಾಗಿತ್ತು. ಚಿಕ್ಕರಂಗಯ್ಯ ಒಂದು ಕಾಗದವನ್ನು ನನ್ನ ಮುಂದಿಟ್ಟರು. ಅಲ್ಲಿನ ವಕೀಲರು ಬರೆದದ್ದು. ಗೋಪಾಲ ಬಾಡಿಗೆಗಿದ್ದ ಮನೆಯ ಒಡತಿಯ ಕೊಲೆಯಾಗಿದೆ, ಪೊಲೀಸರು ಗೋಪಾಲನನ್ನು ಬಂಧಿಸಿದ್ದಾರೆ ಎಂದು ಅದರಲ್ಲಿತ್ತು.

ನಡೆದದ್ದು ಹೀಗೆ. ಒಂದು ಸಂಜೆ ಗೋಪಾಲ ಕಾಲೇಜಿನಿಂದ ಬಂದಾಗ ಮನೆಯೊಡತಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು, ತಲೆಗೆ ಪೆಟ್ಟಾಗಿತ್ತು. ಅವನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ಜೀವ ಹೋಗಿತ್ತು. ಪಕ್ಕದ ಮನೆಯ ಬಾಗಿಲು ಬಡಿದು ಪೊಲೀಸರಿಗೆ ಫೋನು ಮಾಡಿಸಿದ. ಪೊಲೀಸರು ಅರ್ಧ ಗಂಟೆಯಲ್ಲಿ ಬಂದಾಗ ಅವನು ತಲೆಯಿಂದ ಕಾಲಿನವರೆಗೆ ತೊಯ್ದುಹೋಗಿ ನಿಂತಿದ್ದ. ಉಟ್ಟ ಬಟ್ಟೆಯಲ್ಲೇ ನೀರು ಸುರಿದುಕೊಂಡಿದ್ದ. ಅಂಗಿಯಲ್ಲಿ ಇರಬಹುದಾಗಿದ್ದ ರಕ್ತವೆಲ್ಲ ಚರಂಡಿ ಸೇರಿತ್ತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ತಲೆ ತಗ್ಗಿಸಿ ನಿಂತನಂತೆ. ಸ್ವಂತ ವಕೀಲರಿಗೂ ಬಾಯಿ ಬಿಟ್ಟಿರಲಿಲ್ಲ. ಅಲ್ಲಿನ ಊರು ಎರಡು ಪಾಲಾಗಿತ್ತು. ಒಂದು ಕಡೆ ಪತ್ರಿಕೆಗಳು ಪರದೇಶದ ಹುಡುಗರಿಗೆ ಮನೆ ಕೊಡಬೇಡಿ ಎಂದು ಬರೆದರೆ, ಇನ್ನೊಂದು ಕಡೆ ವಿದ್ಯಾರ್ಥಿಗಳು ಅವನನ್ನು ಬಿಡಿ ಎಂದು ಮೆರವಣಿಗೆ ತೆಗೆದಿದ್ದರು. ಅಪರಾಧ ಸಾಬೀತಾದರೆ ಜೀವಾವಧಿ ಶಿಕ್ಷೆ.

ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಹೈಸ್ಕೂಲಿನ ಹೆಡ್‌ಮಾಸ್ಟರು, ಗಿರಣಿಯ ಮ್ಯಾನೇಜರು, ಅಕ್ಕಪಕ್ಕದವರು ಎಂದು ಐದು ಜನರಿಂದ ಹುಡುಗ ಒಳ್ಳೆಯವನು ಎಂಬ ಅಫಿಡವಿಟ್ ಮಾಡಿಸಿ ಏರ್‌ಮೇಲಿನಲ್ಲಿ ಕಳಿಸಿದೆ. ಕೆಂಪು ಮೊಹರುಗಳು ಬಹಳ ಚೆನ್ನಾಗಿ ಮೂಡಿದ್ದವು. ಎರಡು ವಾರಕ್ಕೆ ಉತ್ತರ ಬಂತು. ಅಲ್ಲಿನ ವಕೀಲರು ಮರ್ಯಾದೆಯಾಗಿಯೇ ನನ್ನ ಕೆಲಸವನ್ನು ಪಕ್ಕಕ್ಕಿಟ್ಟಿದ್ದರು. ಒಳ್ಳೆಯ ನಡತೆಯ ಸರ್ಟಿಫಿಕೇಟಿನಿಂದ ಪ್ರಯೋಜನವಿಲ್ಲ, ಪೊಲೀಸರ ಕೈಯಲ್ಲಿರುವ ದೊಡ್ಡ ಅಸ್ತ್ರ ಆ ಸ್ನಾನ, ಅದಕ್ಕೆ ಉತ್ತರ ಬೇಕು ಎಂದು ಬರೆದಿದ್ದರು.

ಒಂದು ಸತ್ಯ ಒಪ್ಪಿಕೊಳ್ಳಬೇಕು. ಅದನ್ನು ಓದಿದಾಗ ಹುಡುಗನೇ ಮಾಡಿರಬಹುದು ಎಂದು ನನಗೂ ಅನ್ನಿಸಿತು. ದಂಪತಿಗಳ ಮುಖ ನೋಡುವ ಧೈರ್ಯವಿಲ್ಲದೆ, ಕಾಗದದ ಮೇಲೇ ಕಣ್ಣಿಟ್ಟು ಕನ್ನಡದಲ್ಲಿ ಓದಿ ಹೇಳಿದೆ. ಬೆಂಚಿನ ತುದಿಯಲ್ಲಿ ಕೂತಿದ್ದ ಸಾವಿತ್ರಮ್ಮ ಅವತ್ತಿನವರೆಗೂ ನನ್ನೆದುರು ಮಾತಾಡಿರಲಿಲ್ಲ.

"ಇನ್ನೇನ್ ಮಾಡ್ಬೇಕಿತ್ತು ಸಾರ್? ಹೆಣ ಮುಟ್ಟಿದ್ನಲ್ಲ. ಹಂಗೇ ಮನೆಯೆಲ್ಲಾ ಓಡಾಡಕ್ಕಾಗುತ್ತಾ?" ಅಂದರು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ತಿಂಗಳ ಹಿಂದೆ ಸೋದರಮಾವನ ಮಣ್ಣಿಗೆ ಹೋಗಿ ಬಂದು, ನಾನೇ ಬಚ್ಚಲಲ್ಲಿ ಪಂಚೆ ಸಮೇತ ಎರಡು ಚೊಂಬು ತಣ್ಣೀರು ಸುರಿದುಕೊಂಡು ಒಳಗೆ ಕಾಲಿಟ್ಟಿದ್ದೆ. ಅದೇ ಕೆಲಸ ಟೈಪ್ ಮಾಡಿದ ಇಂಗ್ಲಿಷಿನಲ್ಲಿ, ದೊಡ್ಡ ಲೆಟರ್‌ಹೆಡ್ಡಿನ ಕೆಳಗೆ ಬಂದಾಗ ನನ್ನ ಕಣ್ಣಿಗೂ ಸಾಕ್ಷ್ಯನಾಶವಾಗಿ ಕಂಡಿತ್ತು. ಹದಿನೈದು ವರ್ಷ ವಕೀಲಿ ಮಾಡಿದ ತಲೆ ಇದು.

ಆದರೆ ಇಷ್ಟರಿಂದಲೇ ಕೇಸು ಮುಗಿಯುವಂತಿರಲಿಲ್ಲ. ಈ ಪದ್ಧತಿ ಇದೆ ಎಂದು ನಾನು ಅಫಿಡವಿಟ್ ಕಳಿಸಬಹುದಿತ್ತು, ಕಳಿಸಿದೆ ಕೂಡ. ಸಿಕ್ಕಿಬಿದ್ದ ಮೇಲೆ ಹೊಸೆದ ಕಥೆ ಎಂದು ಸರ್ಕಾರಿ ವಕೀಲರು ಹೇಳಿದರೆ? ಕೊಲೆಗೆ ಮೊದಲೇ ಈ ಹುಡುಗ ಆ ದೇಶದಲ್ಲಿ ಹೀಗೆ ಸ್ನಾನ ಮಾಡಿದ್ದ ಎಂಬುದಕ್ಕೆ ಏನಾದರೂ ಆಧಾರ ಬೇಕಿತ್ತು. ಕೇಳಿದೆ. ಇತ್ತು. ಜನವರಿಯಲ್ಲಿ ಅವನ ಪ್ರೊಫೆಸರೊಬ್ಬರು ತೀರಿಕೊಂಡಿದ್ದರು. ಅವರ ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿದ್ದನ್ನು ಗೋಪಾಲ ತಾಯಿಗೆ ಬರೆದಿದ್ದನಂತೆ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಕಾಗದ ಎಲ್ಲಿ ಎಂದೆ.

ನಾನು ಏನೂ ತಿಳಿಯದವನು ಎಂಬಂತೆ ಸಾವಿತ್ರಮ್ಮ ನೋಡಿದರು. "ಸಾವಿನ ಸುದ್ದಿ ಬಂದ ಕಾಗದನ ಮನೇಲಿ ಇಟ್ಕೋತಾರಾ ಸಾರ್? ಓದಿ ಹರಿದಾಕ್ದೆ."

ಹೌದು, ನಮ್ಮಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಹುಡುಗನನ್ನು ಉಳಿಸಬಹುದಾಗಿದ್ದ ಒಂದೇ ಕಾಗದವನ್ನು, ಅವನನ್ನು ಸಿಕ್ಕಿಸಿದ ಆಚಾರವೇ ಚೂರು ಮಾಡಿ ಬೀದಿಗೆ ಹಾಕಿತ್ತು. ಚಿಕ್ಕರಂಗಯ್ಯ ಹೆಂಡತಿಯ ಮೇಲೆ ರೇಗಿದರು, ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಅವರನ್ನು ಕಳಿಸಿಬಿಡೋಣ ಎಂದುಕೊಂಡವನು, ಹೋಗುವ ಮುಂಚೆ ಸುಮ್ಮನೆ ಒಂದು ಮಾತು ಕೇಳಿದೆ. ಆ ಕಾಗದಕ್ಕೆ ನೀವು ಉತ್ತರ ಬರೆದಿದ್ದಿರಾ? ಮಗನ ಪ್ರತಿಯೊಂದು ಕಾಗದಕ್ಕೂ ತಪ್ಪದೆ ಬರೆದಿದ್ದೇನೆ ಎಂದರು ಸಾವಿತ್ರಮ್ಮ. ಅವರು ಲೋಯರ್ ಸೆಕೆಂಡರಿವರೆಗೆ ಓದಿದ್ದರು. ಆ ಉತ್ತರ ಮಗನ ಹತ್ತಿರ ಇರಬೇಕು. ಮಗನ ಕೋಣೆಯಲ್ಲಿದ್ದದ್ದನ್ನೆಲ್ಲ ಪೊಲೀಸರು ವಶಪಡಿಸಿಕೊಂಡಿದ್ದಾರೆ ಎಂದು ಮೊದಲ ಕಾಗದದಲ್ಲೇ ಇತ್ತು.

ಆ ಮಧ್ಯಾಹ್ನವೇ ಪೋಸ್ಟಾಫೀಸಿಗೆ ಹೋಗಿ ಟೆಲಿಗ್ರಾಂ ಕೊಟ್ಟೆ. ಪೊಲೀಸರ ಬಳಿ ಇರುವ ಕನ್ನಡ ಕಾಗದಗಳಲ್ಲಿ ಜನವರಿ, ಫೆಬ್ರವರಿಯ ಬೆಂಗಳೂರು ಮುದ್ರೆ ಇರುವವನ್ನೆಲ್ಲ ಫೋಟೋಸ್ಟಾಟ್ ಮಾಡಿಸಿ ಕಳಿಸಿ ಎಂದು. ಅಲ್ಲಿಂದ ಮುಂದೆ ಹದಿನೆಂಟು ದಿನ. ಚಿಕ್ಕರಂಗಯ್ಯ ಪಾಳಿ ಮುಗಿಸಿ ಖಾಕಿ ಬಟ್ಟೆಯಲ್ಲೇ ದಿನಾ ಬರುತ್ತಿದ್ದರು. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ, ಅವರು ಇಳಿದು ಹೋಗುತ್ತಿದ್ದರು. ನನ್ನ ಹೆಂಡತಿ ಕೇಳಿದ್ದಕ್ಕೆಲ್ಲ ನಾನು ಸಿಡಿಮಿಡಿ ಮಾಡುತ್ತಿದ್ದೆ.

ಕೊನೆಗೆ ದಪ್ಪ ಲಕೋಟೆ ಬಂತು. ವಿದೇಶಕ್ಕೆ ಬರೆಯುವ ನೀಲಿ ಏರೋಗ್ರಾಮು ಕಾಗದಗಳ ನಾಲ್ಕು ಪ್ರತಿಗಳು. ಮೂರನೆಯದರಲ್ಲಿ ಸಾವಿತ್ರಮ್ಮನ ದುಂಡನೆಯ ಅಕ್ಷರ. "ನಿಮ್ಮ ಮೇಷ್ಟರ ಮಣ್ಣಿಗೆ ಹೋಗಿ ಬಂದು ಬಟ್ಟೆ ಸಮೇತ ತಣ್ಣೀರಿನಲ್ಲಿ ಸ್ನಾನ ಮಾಡಿದೆ ಎಂದು ಬರೆದಿದ್ದೀಯ. ಒಳ್ಳೆಯದು ಮಾಡಿದೆ. ಆದರೆ ಅಲ್ಲಿ ಹಿಮ ಬೀಳುತ್ತದೆ ಎನ್ನುತ್ತೀಯ. ಇನ್ನು ಮೇಲೆ ಬಿಸಿನೀರಲ್ಲೇ ಮಾಡು, ದೇವರು ಬೇಡ ಅನ್ನುವುದಿಲ್ಲ. ತಲೆ ಚೆನ್ನಾಗಿ ಒರೆಸಿಕೋ." ಎದೆಯ ಮೇಲಿದ್ದ ಕಲ್ಲುಚಪ್ಪಡಿ ಇಳಿದಂತಾಗಿತ್ತು. ಹತ್ತು ತಿಂಗಳ ಹಿಂದಿನ ಅಂಚೆ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು. ಓದಲು ಬಾರದ ಲಿಪಿ ಎಂದು ಪೊಲೀಸರು ಗಂಟು ಕಟ್ಟಿ ಇಟ್ಟಿದ್ದರು, ಅಷ್ಟೆ.

ವಿಜಯನಗರದಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟರೊಬ್ಬರಿಂದ ಅನುವಾದ ಮಾಡಿಸಿ, ಪ್ರಮಾಣ ಮಾಡಿಸಿ ಕಳಿಸಿದೆ. ಕೊಲೆ ಕೇಸು ದೊಡ್ಡ ಕೋರ್ಟಿಗೆ ಹೋಗುವ ಮುನ್ನ ಸಾಕ್ಷ್ಯ ಸಾಕಷ್ಟಿದೆಯೇ ಎಂದು ನೋಡುವ ವಿಚಾರಣೆ ಅಲ್ಲಿ ನಡೆಯುತ್ತದೆ, ಕಮಿಟಲ್ ಎನ್ನುತ್ತಾರೆ. ಆ ವಿಚಾರಣೆಯಲ್ಲಿ ನನ್ನ ಅಫಿಡವಿಟ್ಟನ್ನೂ ತಾಯಿಯ ಕಾಗದವನ್ನೂ ಓದಿದರು. ಸ್ನಾನದ ಅಸ್ತ್ರ ಬಿದ್ದುಹೋದ ಮೇಲೆ ಪೊಲೀಸರ ಕೈಯಲ್ಲಿ ಮತ್ತೇನೂ ಉಳಿಯಲಿಲ್ಲ. ಗೋಪಾಲನನ್ನು ಬಿಟ್ಟರು. ಎರಡು ತಿಂಗಳಲ್ಲಿ, ಆ ಮನೆಯ ಸೂರು ರಿಪೇರಿಗೆ ಬಂದಿದ್ದ ಒಬ್ಬ ಮನೆಯೊಡತಿಯ ಗಡಿಯಾರದ ಸಮೇತ ಸಿಕ್ಕಿಬಿದ್ದ. ಚಿಕ್ಕರಂಗಯ್ಯ ಬಿಡುಗಡೆಯ ಟೆಲಿಗ್ರಾಂ ತಂದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಸಾವಿತ್ರಮ್ಮ, ಈಗಲಾದರೂ ಅವನು ಹೊಟ್ಟೆ ತುಂಬ ಊಟ ಮಾಡುತ್ತಾನೋ ಇಲ್ಲವೋ ಎಂದು ನನ್ನನ್ನೇ ಕೇಳಿದರು.

ಓದು ಮುಗಿಸಿ ೧೯೭೬ರಲ್ಲಿ ಊರಿಗೆ ಬಂದ ಗೋಪಾಲ ನನ್ನನ್ನು ನೋಡಲು ಬಂದ. ತೆಳ್ಳಗಿನ, ಮೆದುಮಾತಿನ ಹುಡುಗ. ಅಷ್ಟು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ. ಇಷ್ಟು ಸಣ್ಣ ಮಾತನ್ನು ಹೇಳದೆ ಯಾಕಪ್ಪಾ ಜೈಲಿನಲ್ಲಿ ಕೂತಿದ್ದೆ? ವಿಜ್ಞಾನ ಓದಿದವನು ಎಂದು ನಾಚಿಕೆಯೇ?

"ಅದಲ್ಲ ಸಾರ್. ಆ ಮನೆಯಮ್ಮ ನನಗೋಸ್ಕರ ಅನ್ನ ಮಾಡೋದು ಕಲಿತಿದ್ರು. ಅವ್ರನ್ನ ಮುಟ್ಟಿ ಮೈಲಿಗೆ ಆಯ್ತು, ಅದಕ್ಕೆ ತೊಳ್ಕೊಂಡೆ ಅಂತ ಕೋರ್ಟಲ್ಲಿ ಅವ್ರ ಮಗಳ ಎದುರಿಗೆ ಹೆಂಗ್ ಸಾರ್ ಹೇಳ್ಲಿ?"

ನನ್ನ ಅಫಿಡವಿಟ್ಟಿನಲ್ಲಿ ಅದನ್ನೇ ಇನ್ನೂ ಕಟುವಾಗಿ ಬರೆದಿದ್ದೆ. ಶವ ಮುಟ್ಟಿದವನು ಅಶುದ್ಧನೆಂದು ಎಣಿಸಲ್ಪಡುತ್ತಾನೆ ಎಂದು. ಅದನ್ನು ಓದುವಾಗ ಆ ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದಳಂತೆ. ಬಿಡುಗಡೆಯಾದರೂ ಗೋಪಾಲನಿಗೆ ತಲೆ ಎತ್ತಲಾಗಲಿಲ್ಲ. ಹೊರಗೆ ಆಕೆಯೇ ಬಂದು, ನಿನ್ನ ಸ್ವಂತ ಅಜ್ಜಿ ಸತ್ತಿದ್ದರೂ ಹೀಗೆ ಮಾಡುತ್ತಿದ್ದೆಯಾ ಎಂದು ಕೇಳಿದಳು. ನಮ್ಮವರು ಸತ್ತರೆ ಮಾಡಲೇಬೇಕು, ಹತ್ತಿರದವರಾದರೆ ಹತ್ತು ದಿನ ಇನ್ನೂ ಎಷ್ಟೋ ಇರುತ್ತದೆ ಎಂದ ಇವನು. ಆಕೆ ಅವನ ಕೈ ಹಿಡಿದುಕೊಂಡಳಂತೆ. ಹಾಗಾದರೆ ಅಮ್ಮನಿಗೆ ಅವತ್ತು ಮನೆಯವನೊಬ್ಬ ಇದ್ದ ಹಾಗಾಯಿತು, ನಾನಂತೂ ಇರಲಿಲ್ಲ ಎಂದಳಂತೆ.

ಆಮೇಲೆ ಇಪ್ಪತ್ತು ವರ್ಷ ಮೊಹರು ಒತ್ತಿದ್ದೇನೆ. ಯಾರದೇ ಆಚಾರವನ್ನು ಬರೆಯಬೇಕಾಗಿ ಬಂದಾಗ, ಏನು ಮಾಡುತ್ತಾರೆ ಎಂಬುದರ ಜೊತೆಗೆ ಅದನ್ನು ಯಾರಿಗಾಗಿ ಮಾಡುತ್ತಾರೆ ಎಂದೂ ಕೇಳಿ ಒಂದು ಸಾಲು ಸೇರಿಸುತ್ತಿದ್ದೆ. ಆ ಸಾಲನ್ನು ಗೋಪಾಲನ ಕೇಸಿನ ಅಫಿಡವಿಟ್ಟಿನಲ್ಲಿ ನಾನು ಬರೆದಿರಲಿಲ್ಲ. ಅದನ್ನು ತಾಯಿ ಕಳೆದುಕೊಂಡ ಹೆಣ್ಣುಮಗಳೇ ತಾನಾಗಿ ಕೇಳಿ ತಿಳಿದುಕೊಳ್ಳಬೇಕಾಯಿತು.