ಲಗಾಮು ಎಳೆಯದ ಡೆಸ್ಮಂಡ್

ಮೇರಿಬರೋದ ಡೆಸ್ಮಂಡ್ ಟ್ರೆವೀನ್ ಕುದುರೆಗಾಡಿ ರೇಸಿನಲ್ಲಿ ಗೆದ್ದದ್ದು ಸಾವಿರದ ಒಂಬೈನೂರ ತೊಂಬತ್ತೇಳು ಸಲ. ಎರಡು ಸಾವಿರ ಮುಟ್ಟಬೇಕೆಂಬ ಆಸೆ ಅವನು ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ಮೂವತ್ತು ವರ್ಷ ಅವನ ಕುದುರೆಗಳಿಗೆ ಲಾಳ ಹೊಡೆದವನು ನಾನು, ಸುಮ್ಮನೆ ಹೊಗಳುವವನಲ್ಲ. ಮನುಷ್ಯ ಒರಟ. ಸೋತ ದಿನ ಮನೆಯ ನಾಯಿಯ ಮೇಲೂ ರೇಗುತ್ತಿದ್ದ. ಕುದುರೆಯ ಮೇಲೆ ರೇಗಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹದಿನೇಳಕ್ಕೆ ಅಪ್ಪನ ಗಾಡಿ ಹತ್ತಿದ. ನಮ್ಮ ರೇಸಿನಲ್ಲಿ ಕುದುರೆ ಒಂದೇ ಲಯದ ಹೆಜ್ಜೆಯಲ್ಲಿ ಓಡಬೇಕು, ನಾಗಾಲೋಟಕ್ಕೆ ಬೀಳಬಾರದು. ಬಿದ್ದರೆ ಲಗಾಮೆಳೆದು ಹಿಂದೆ ಸರಿಯಬೇಕು, ಅಲ್ಲಿಗೆ ಅವತ್ತಿನ ಕಥೆ ಮುಗಿಯಿತು. ಕುದುರೆಗಳನ್ನು ಪಳಗಿಸುತ್ತಿದ್ದವಳು ಹೆಂಡತಿ ಮೊಯ್ರಾ. ಯಾವ ಕುದುರೆ ಯಾವ ರೇಸಿಗೆ, ಗಾಡಿಯಲ್ಲಿ ಯಾರು ಕೂರಬೇಕು ಎಂಬುದೆಲ್ಲ ಅವಳದೇ ತೀರ್ಮಾನ. ನಲವತ್ತು ವರ್ಷ ಅವಳು ಬರೆದುಕೊಟ್ಟದ್ದು ಒಂದೇ ಹೆಸರು, ಗಂಡನದು.

ಟಿಲ್ಲಿ ಎಂಬ ಹೆಣ್ಣು ಕುದುರೆ ಬಂದಾಗ ಅವನಿಗೆ ಅರವತ್ತೊಂದು. ಹಿಂದಿನ ಡ್ರೈವರುಗಳು ಬಿಗಿಹಿಡಿದಷ್ಟೂ ಅದು ನಾಗಾಲೋಟಕ್ಕೆ ಬೀಳುತ್ತಿತ್ತು. ಡೆಸ್ಮಂಡನ ಕೈಗೆ ಬಂದದ್ದೇ ಒಂಬತ್ತು ರೇಸ್ ಗೆದ್ದಿತು. ಮಾಂತ್ರಿಕನ ಕೈ ಎಂದು ಪತ್ರಿಕೆಯವರು ಬರೆದರು. ನಾನೂ ನಂಬಿದೆ, ಬೆಪ್ಪುತಕ್ಕಡಿ.

ಬೆಂಡಿಗೋದ ದೊಡ್ಡ ರೇಸಿಗೆ ಹದಿನೈದು ದಿನ ಮುಂಚೆ, ಓಡುತ್ತಿದ್ದ ಟಿಲ್ಲಿಯ ಮುಂದೆಯೇ ಒಂದು ಗಾಡಿ ಮಗುಚಿತು. ಡೆಸ್ಮಂಡ್ ಲಗಾಮೆಳೆದ. ಕುದುರೆ ನಿಲ್ಲಲಿಲ್ಲ, ಬಿದ್ದವನ ತಲೆಯ ಪಕ್ಕ ಗೇಣಿನಷ್ಟು ಜಾಗದಲ್ಲಿ ದಾಟಿತು. ಎಂಥ ಚಾಕಚಕ್ಯತೆ ಎಂದು ಜನ ಚಪ್ಪಾಳೆ ತಟ್ಟಿದರು. ಕಟ್ಟೆಯ ಬಳಿ ನಿಂತಿದ್ದ ಮೊಯ್ರಾ ತಟ್ಟಲಿಲ್ಲ. ಬೆಂಡಿಗೋದ ಪಟ್ಟಿ ಅಚ್ಚಾಗಿ ಬಂದಾಗ ಟಿಲ್ಲಿಯ ಡ್ರೈವರನ ಜಾಗದಲ್ಲಿ ಜ್ಯಾರಡ್ ಕ್ವಿನ್ ಎಂಬ ಬೇರೊಬ್ಬನ ಹೆಸರಿತ್ತು. ಗಂಡನಿಗೆ ಸೊಂಟ ಹಿಡಿದಿದೆ ಎಂದು ಮೊಯ್ರಾ ಎಲ್ಲರಿಗೂ ಹೇಳಿದಳು. ಗಂಡ ಎರಡು ದಿನ ಅವಳೊಡನೆ ಮಾತಾಡಲಿಲ್ಲ.

ಆದರೂ ರೇಸಿನ ದಿನ ಬಂದ. ಡ್ರೈವರುಗಳ ಕೋಣೆಯಲ್ಲಿ ಹನ್ನೆರಡು ಜನ, ಬಾಗಿಲಲ್ಲಿ ಡ್ರೈವರುಗಳ ಲೈಸನ್ಸ್ ನೋಡಿಕೊಳ್ಳುವ ರೇಸಿನ ಮೇಲ್ವಿಚಾರಕ. ಟಿಲ್ಲಿಯ ಲಾಳ ಬದಲಿಸಿ ಬಂದಿದ್ದ ನಾನೂ ಅಲ್ಲೇ ಇದ್ದೆ. ಡೆಸ್ಮಂಡ್ ನೇರವಾಗಿ ಜ್ಯಾರಡನ ಬಳಿ ಹೋಗಿ, ಲಗಾಮು ಸಡಿಲ ಬಿಡು, ಎಳೆದರೆ ಅವಳು ಕೆಡುತ್ತಾಳೆ ಎಂದ.

"ಎಲ್ರೂ ಹಂಗೇ ಅಂತಾರೆ ಗುರುವೇ," ಜ್ಯಾರಡ್ ನಕ್ಕ. "ಸಡಿಲ ಅಂದ್ರೆ ಎಷ್ಟು? ನಿಮ್ ಕೈಯಳತೆ ನನಗೇನ್ ಗೊತ್ತು?"

ಡೆಸ್ಮಂಡ್ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಕೈಗವಸು ಕಳಚಿ ಜ್ಯಾರಡನ ಮುಂಗೈ ಹಿಡಿದ.

"ಇಷ್ಟು."

"ಇನ್ನೂ ಹಿಡಿದೇ ಇಲ್ವಲ್ಲ, ಹಿಡೀರಿ."

"ಹಿಡಿದಿದ್ದೀನಿ ಕಣೋ. ನನ್ ಶಕ್ತಿಯೆಲ್ಲ ಇಷ್ಟೇ. ಎರಡು ವರ್ಷದಿಂದ ಇಷ್ಟೇ."

ಮೇಲ್ವಿಚಾರಕ ತಲೆ ತಗ್ಗಿಸಿ ಏನೋ ಬರೆದುಕೊಂಡ. ಅವನನ್ನು ದೂರುವಂತಿಲ್ಲ, ಅವನ ಕೆಲಸ ಅದು.

ಜ್ಯಾರಡ್ ಲಗಾಮನ್ನು ಬೆರಳ ತುದಿಯಲ್ಲಿ ಹಿಡಿದು ಹೋದ. ಟಿಲ್ಲಿ ಒಂದು ಹೆಜ್ಜೆಯೂ ತಪ್ಪದೆ ಗೆದ್ದಿತು. ಮರುವಾರ ವೈದ್ಯರು ಡೆಸ್ಮಂಡನನ್ನು ಪರೀಕ್ಷೆ ಮಾಡಿದರು, ಲೈಸನ್ಸ್ ಹೋಯಿತು. ಎರಡು ಸಾವಿರಕ್ಕೆ ಮೂರು ಕಡಿಮೆ.

ರೇಸಿನ ದಿನ ಸಂಜೆ ಬೆಂಡಿಗೋದಿಂದ ಹಿಂದಿರುಗುವಾಗ ಅವರ ಕಾರಿನಲ್ಲಿ ನಾನೂ ಇದ್ದೆ. ಮೊಯ್ರಾ ಓಡಿಸುತ್ತಿದ್ದಳು. ಅರ್ಧ ದಾರಿಯಲ್ಲಿ ಡೆಸ್ಮಂಡ್ ಅವಳನ್ನು ಕೇಳಿದ.

"ನಿನಗೆ ಯಾವಾಗ ಗೊತ್ತಾಯ್ತು?"

"ಗುಂಡಿ ಇರೋ ಅಂಗಿ ಹಾಕೋದು ನೀನು ಬಿಟ್ಟಾಗ್ಲೇ."

"ಎರಡು ವರ್ಷ ಆಯ್ತಲ್ಲೇ. ಅವತ್ತೇ ಯಾಕೆ ಇಳಿಸ್ಲಿಲ್ಲ?"

ಮೊಯ್ರಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನನಗೂ ಎರಡು ಸಾವಿರ ಬೇಕಿತ್ತು," ಎಂದಳು.